ಪರರ ನೋವನ್ನು ಅರಿಯುವ ಬಗೆ

ಯೆಹೂದಿ ಮನೆತನದಲ್ಲಿ ಜನಿಸಿ ಕಾರ್ಮೆಲ್ ಸಭೆಯನ್ನು ಸೇರಿದ ತತ್ತ್ವಜ್ಞಾನಿ, ಸಂತ ಎಡಿತ್ ಸ್ಟೈನರ ಪ್ರೌಢಪ್ರಬಂಧದ ವಿಷಯ, ಪರರ ಅನುಭವವನ್ನು ನಾವು ಅರಿಯುವ ಬಗೆ. 1942ರ ಆಗಸ್ಟ್ 2ರಂದು ನಾಜಿಗಳು ಅವರನ್ನೂ ಸಹೋದರಿ ರೋಸಾರನ್ನೂ ಹಾಲೆಂಡಿನ ಮಠದಿಂದ ಸೆರೆಹಿಡಿದೊಯ್ದರು. 9ರಂದು ಆಶ್ವಿಟ್ಸ್ ಶಿಬಿರದಲ್ಲಿ ಕೊಂದರು. ಅಲ್ಲಿ ಕೈಗೂಸಿನ ತಾಯಂದಿರನ್ನು ದುಡಿಮೆಗೆ ಒದಗದವರೆಂದು ನೇರವಾಗಿ ವಿಷಾನಿಲದ ಕೋಣೆಗೆ ಕಳುಹಿಸುತ್ತಿದ್ದರು. ಯೆಹೂದಿಗಳಾಗಿ ಹುಟ್ಟಿದ್ದೇ ಅವರ ಅಪರಾಧ.

ಆ ನರಮೇಧಕ್ಕೆ ಸಾಟಿ ಹುಡುಕುವುದು ನಮ್ಮ ಉದ್ದೇಶವಲ್ಲ. ಆದರೆ ಹುಟ್ಟನ್ನೇ ಹಣೆಬರಹವಾಗಿಸುವ ಕ್ರೌರ್ಯ ನಮ್ಮ ಸೀಮೆಗೂ ಹೊಸದಲ್ಲ. ಸವದತ್ತಿಯಲ್ಲಿ ಬಡ ದಲಿತ ಮನೆಗಳ ಬಾಲೆಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸಿದಾಗ, ಊರು ಅದನ್ನು ಹರಕೆಯೆಂದು ಕರೆದು ಸುಮ್ಮನಾಯಿತು. ಮುಂಬಯಿ ಪ್ರಾಂತ 1934ರಲ್ಲಿ, ಕರ್ನಾಟಕ 1982ರಲ್ಲಿ ಕಾಯಿದೆ ಮಾಡಿ ಈ ಸಮರ್ಪಣೆಯನ್ನು ನಿಷೇಧಿಸಿದವು. ಕಳಂಕವನ್ನು ಮಾತ್ರ ಕಾಯಿದೆ ತೊಡೆಯಲಾರದು. ಅದು ನೆರೆಹೊರೆಯವರ ಕೆಲಸ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಥೋಲಿಕ ಕುಟುಂಬಗಳಲ್ಲಿ ನಮ್ಮ ಅರಿಕೆ ಇಷ್ಟೆ. ಅಂಥ ತಾಯಿಯ ಮಗು ನಿಮ್ಮ ಮಗುವಿನೊಡನೆ ಮನೆಗೆ ಬಂದರೆ ತಂದೆಯ ಹೆಸರು ಕೇಳದಿರಿ. ಜೊತೆಗೆ ಕೂಡಿಸಿ ಉಣಬಡಿಸಿರಿ. ಪರರ ನೋವನ್ನು ಅರಿಯುವ ವಿದ್ಯೆ ಅಲ್ಲಿಂದಲೇ ಮೊದಲಾಗುತ್ತದೆ.