ಸರ್ಟಿಫಿಕೇಟ್ ಹಂಚಿದರೆ ವಿಜ್ಞಾನಿಗಳು ಹುಟ್ಟುತ್ತಾರೆಯೇ?



ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನೀವು ಎಷ್ಟು ಸಲ ನಿಂತಿದ್ದೀರೋ ಲೆಕ್ಕವಿರಲಾರದು. ತಲೆ ಎತ್ತಿದರೆ ತುಮಕೂರು ರಸ್ತೆಯ ಮೇಲ್ಸೇತುವೆ. 2021ರ ಡಿಸೆಂಬರಿನಲ್ಲಿ ಅದನ್ನು ಏಕಾಏಕಿ ಮುಚ್ಚಿದರು. 102 ಮತ್ತು 103ನೇ ಕಂಬಗಳ ನಡುವೆ ಕಾಂಕ್ರೀಟಿನ ಹೊಟ್ಟೆಯೊಳಗಿದ್ದ ಉಕ್ಕಿನ ಕೇಬಲ್ ಕೆಟ್ಟಿತ್ತು. 2022ರ ಫೆಬ್ರವರಿಯಲ್ಲಿ ಕಾರು, ಬೈಕುಗಳಿಗೆ ಬಿಟ್ಟರು. ಲಾರಿ, ಬಸ್ಸುಗಳು ಮತ್ತೆ ಹತ್ತುವ ಹೊತ್ತಿಗೆ 2024 ಬಂದಿತ್ತು. ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತೇವಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆಯ ಮೇಲೆ ಸೇತುವೆಗೆ ಭಾರ ಹೇರಿ ಪರೀಕ್ಷೆಯನ್ನೂ ಮಾಡಿದರು.

ಅಷ್ಟೂ ದಿನ ನಮ್ಮ ಏರಿಯಾದ ಮಕ್ಕಳು ಲಾರಿಗಳ ಹೊಗೆ ಕುಡಿದುಕೊಂಡೇ ಶಾಲೆಗೆ ಹೋದರು. ನಾನು ಕೇಳುತ್ತೇನೆ, ಒಂದಾದರೂ ಶಾಲೆಯಲ್ಲಿ ಒಬ್ಬರಾದರೂ ಆ ಮಕ್ಕಳನ್ನು ಕೂರಿಸಿಕೊಂಡು, ಕಾಂಕ್ರೀಟಿನೊಳಗೆ ಕೇಬಲ್ ಯಾಕೆ ಇರುತ್ತೆ, ಅದು ತುಕ್ಕು ಹಿಡಿದರೆ ಸೇತುವೆಗೇನಾಗುತ್ತೆ ಅಂತ ಹೇಳಿಕೊಟ್ಟರೇ?

ಹೇಳುವುದು ಕಷ್ಟವೇನಲ್ಲ. ನನ್ನ ಪ್ರೆಸ್ಸಿಗೆ ಬರುವ ಹುಡುಗರಿಗೆ ನಾನೇ ತೋರಿಸಿದ್ದೇನೆ. ಹತ್ತು ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ, ಎರಡೂ ತುದಿಯಿಂದ ಅಂಗೈಯಲ್ಲಿ ಗಟ್ಟಿಯಾಗಿ ಒತ್ತಿ ಮೇಲಕ್ಕೆತ್ತಿ. ಒಂದೂ ಬೀಳುವುದಿಲ್ಲ. ಕೈ ಸಡಿಲ ಮಾಡಿ, ಮಧ್ಯದ್ದು ಕುಸಿಯುತ್ತದೆ. ಕಾಂಕ್ರೀಟು ಒತ್ತಿದರೆ ತಡೆಯುತ್ತದೆ, ಎಳೆದರೆ ಸೀಳುತ್ತದೆ. ಅದಕ್ಕೇ ಉಕ್ಕಿನ ಕೇಬಲನ್ನು ಬಿಗಿದು ಅದನ್ನು ಸದಾ ಒತ್ತಿ ಹಿಡಿದಿರುತ್ತಾರೆ. ನಿಮ್ಮ ಅಂಗೈ ಮಾಡಿದ ಕೆಲಸವನ್ನು ಅಲ್ಲಿ ಕೇಬಲ್ ಮಾಡುತ್ತದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಇದನ್ನು ನೋಡಿ, "ಹಾಗಾದ್ರೆ ಕೇಬಲ್ ಒಳಗಡೆ ನೀರು ಹೆಂಗೆ ಹೋಯ್ತು ಅಂಕಲ್?" ಅಂದಳು. ಸಿವಿಲ್ ಇಂಜಿನಿಯರುಗಳು ತಲೆ ಕೆಡಿಸಿಕೊಳ್ಳುವ ಪ್ರಶ್ನೆ ಅದು! ಕೇಳಿದ್ದು ಅಚ್ಚ ಕನ್ನಡದಲ್ಲಿ.

ಈಗ ನಮ್ಮ ಶಾಲೆಗಳಿಗೆ ಬರುತ್ತಿರುವ 'ಟೆಕ್ನಾಲಜಿ ಕಾರ್ಯಕ್ರಮ'ಗಳ ವಿಷಯಕ್ಕೆ ಬನ್ನಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅದರಲ್ಲಿ ಒಂದಷ್ಟು ಶಾಲೆಗಳ ಬಾಗಿಲಿಗೆ ಬರುತ್ತದೆ. ಒಳ್ಳೆಯದೇ. ರೋಬೋ, ಡ್ರೋನ್, ಕೋಡಿಂಗ್ ಅಂತ ಒಂದು ದಿನದ ಶಿಬಿರ. ಅದರ ಫ್ಲೆಕ್ಸು, ಬ್ಯಾಡ್ಜು, ಸರ್ಟಿಫಿಕೇಟು ಎಷ್ಟೋ ಸಲ ನನ್ನಂಥವರ ಬಳಿಯೇ ಅಚ್ಚಾಗುತ್ತವೆ. ಒಮ್ಮೆ ಒಂದು ಕಂಪನಿಯವರು 120 ಸರ್ಟಿಫಿಕೇಟಿಗೆ ಆರ್ಡರ್ ತಂದರು. ಶಿಬಿರ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ. ಸರ್ಟಿಫಿಕೇಟಿನಲ್ಲಿ ಮಗುವಿನ ಹೆಸರೂ ಸೇರಿ ಒಂದಕ್ಷರ ಕನ್ನಡವಿಲ್ಲ. "ಸ್ವಾಮಿ, ಕೆಳಗಡೆ ಎರಡು ಸಾಲು ಕನ್ನಡ ಸೇರಿಸ್ತೀನಿ, ಅದಕ್ಕೆ ದುಡ್ಡು ಬೇಡ" ಅಂದೆ. "ಫಾರ್ಮ್ಯಾಟ್ ಹೆಡ್ ಆಫೀಸಿಂದ ಬಂದಿದೆ, ಮುಟ್ಟೋ ಹಾಗಿಲ್ಲ" ಅಂದರು. ಮಕ್ಕಳ ಕೈಗೆ ಕೊಡುವ ಪಾಠದ ಹಾಳೆಯಾದರೂ ಇದೆಯೇ ಅಂತ ಕೇಳಿದೆ. ಅದು ಇರಲೇ ಇಲ್ಲ. ಫೋಟೋಗೆ ಬ್ಯಾನರ್ ಇತ್ತು!

ಕೇಂದ್ರ ಸರ್ಕಾರ 2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಅಂತ ತಂದಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ, ಅದರಲ್ಲಿ 10 ಲಕ್ಷ ಸಲಕರಣೆಗೆ, ಉಳಿದ 10 ಲಕ್ಷ ಐದು ವರ್ಷ ನಡೆಸುವುದಕ್ಕೆ. ಆರನೇ ಕ್ಲಾಸಿನಿಂದ ಹನ್ನೆರಡರವರೆಗಿನ ಮಕ್ಕಳಿಗೆ ತ್ರೀಡಿ ಪ್ರಿಂಟರ್, ಸೆನ್ಸರ್, ಸರ್ಕ್ಯೂಟ್ ಬೋರ್ಡು. ದೇಶದಲ್ಲಿ ಇಂಥವು 10,000 ಆಗಿವೆ. ಇನ್ನೂ 50,000 ಸರ್ಕಾರಿ ಶಾಲೆಗಳಲ್ಲಿ ಮಾಡುತ್ತೇವೆಂದು 2025ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ಬರಲಿ, ಬೇಡ ಅನ್ನುವ ಮೂರ್ಖ ನಾನಲ್ಲ. ಆದರೆ ಯಂತ್ರ ಬಂದ ಮೇಲೆ ಅದರ ಮುಂದೆ ನಿಂತು ಮಗುವಿನ ಭಾಷೆಯಲ್ಲಿ ಮಾತಾಡುವವರು ಯಾರು? ಆ ಮೇಷ್ಟ್ರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಇಲ್ಲದಿದ್ದರೆ, ಎಲ್ಲಿ ಸುಟ್ಟುಹೋಗುತ್ತೋ ಅಂತ ಹೆದರಿ ಬೀರುವಿಗೆ ಬೀಗ ಹಾಕುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ.

ಕನ್ನಡದಲ್ಲಿ ವಿಜ್ಞಾನ ಆಗುವುದಿಲ್ಲ ಅನ್ನುವವರಿಗೆ ಒಂದು ಮಾತು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲೇ 'ವಿಜ್ಞಾನ' ಅನ್ನುವ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ ಅದು. ನಮ್ಮ ತಂದೆಯ ಟ್ರೆಡಲ್ ಮೆಷಿನ್ ಕಂಡವನು ನಾನು. ಒಂದು ಫಾರಂ ಕಂಪೋಸ್ ಮಾಡುವ ಪಾಡೇನು ಅಂತ ಗೊತ್ತು. ಈಗ ಎರಡು ನಿಮಿಷದಲ್ಲಿ ಪುಟ ಕಟ್ಟುವ ನಮಗೇನು ಧಾಡಿ?

ಸರಿಯಾಗಿ ಮಾಡುತ್ತಿರುವವರೂ ಇದ್ದಾರೆ. 1999ರಲ್ಲಿ ಶುರುವಾದ ಅಗಸ್ತ್ಯ ಪ್ರತಿಷ್ಠಾನದವರು ವ್ಯಾನಿನಲ್ಲಿ, ಬೈಕಿನಲ್ಲಿ ಪ್ರಯೋಗದ ಸಾಮಾನು ಹೇರಿಕೊಂಡು ಹಳ್ಳಿ ಶಾಲೆಗಳಿಗೆ ಹೋಗುತ್ತಾರೆ, ಅಲ್ಲಿನ ಮಕ್ಕಳ ಭಾಷೆಯಲ್ಲೇ ತೋರಿಸುತ್ತಾರೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ಸಂಚಾರಿ ಬಸ್ಸು ಊರೂರು ತಿರುಗಿದೆ. ನೆಹರೂ ತಾರಾಲಯದಲ್ಲಿ ಕನ್ನಡದ ಪ್ರದರ್ಶನವೇ ಇದೆ. ಇಲ್ಲೆಲ್ಲ ಮಗುವಿನ ಕೈಗೆ ವಸ್ತು ಸಿಗುತ್ತದೆ, ಕಿವಿಗೆ ತನ್ನ ಮಾತು ಸಿಗುತ್ತದೆ.

ಇನ್ನು ನಮ್ಮ ಕಾಲಬುಡ ನೋಡಿ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲಿಳಿದಾಗ ಅದರ ಲಗಾಮು ಇದ್ದದ್ದು ಎಲ್ಲಿ? ಇಲ್ಲೇ, ಪೀಣ್ಯದ ಇಸ್ಟ್ರಾಕ್‌ನಲ್ಲಿ. ಅದರ ಅಕ್ಕಪಕ್ಕದ ಬೀದಿಗಳಲ್ಲಿ ಸಾವಿರಾರು ಶೆಡ್ಡುಗಳು. ಅಲ್ಲಿನ ಸಿಎನ್‌ಸಿ ಮೆಷಿನ್ನಿಗೆ ಜಿ01 ಅಂದರೆ ನೇರ ಗೆರೆಯಲ್ಲಿ ಚಲಿಸು, ಜಿ02 ಅಂದರೆ ಗಡಿಯಾರದ ಮುಳ್ಳಿನಂತೆ ಕಮಾನು ಹೊಡಿ ಅಂತ. ಹತ್ತನೇ ಕ್ಲಾಸಿನ ನಿರ್ದೇಶಾಂಕ ರೇಖಾಗಣಿತ ಅದೇ ತಾನೇ? ಒಂದು ಬೆಳಗ್ಗೆ ಮಕ್ಕಳನ್ನು ಆ ಮೆಷಿನ್ ಮುಂದೆ ನಿಲ್ಲಿಸಿದರೆ ಎಕ್ಸು, ವೈ ಅವರಿಗೆ ಜನ್ಮದಲ್ಲಿ ಮರೆಯುವುದಿಲ್ಲ. ನನ್ನ ಆಫ್‌ಸೆಟ್ ಮೆಷಿನ್ನೇ ಸಾಕು. ಎಣ್ಣೆಶಾಯಿಗೂ ನೀರಿಗೂ ಆಗಿಬರುವುದಿಲ್ಲ, ಆ ಜಗಳದ ಮೇಲೆಯೇ ನಮ್ಮ ಹೊಟ್ಟೆಪಾಡು. ಪ್ಲೇಟಿನ ಖಾಲಿ ಜಾಗ ನೀರು ಹಿಡಿದು ಶಾಯಿಯನ್ನು ದೂಡುತ್ತದೆ, ಅಕ್ಷರದ ಜಾಗ ಶಾಯಿ ಹಿಡಿಯುತ್ತದೆ. ಬಣ್ಣದ ಚಿತ್ರದ ಮೇಲೆ ಭೂತಗನ್ನಡಿ ಇಟ್ಟರೆ ನಾಲ್ಕೇ ಬಣ್ಣದ ಚುಕ್ಕೆ. ರಸಾಯನಶಾಸ್ತ್ರ, ಬೆಳಕು ಎರಡೂ ಒಂದೇ ಶೆಡ್ಡಿನಲ್ಲಿ!

ಮಕ್ಕಳಲ್ಲಿ ಆಸಕ್ತಿಯಿಲ್ಲ ಅನ್ನುವುದು ಸುಳ್ಳು. ಆಸಕ್ತಿ ಬಂದ ಮೇಲೆ ಏನು ಅನ್ನುವುದೇ ಅವರಿಗೆ ಗೊತ್ತಿಲ್ಲ. ಕನ್ನಡದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ಸೈನ್ಸ್ ಸೇರಿದ ಮೊದಲ ವಾರವೇ ಪಾಠವೆಲ್ಲ ಇಂಗ್ಲಿಷ್. ಬಲ, ವೇಗೋತ್ಕರ್ಷ ಗೊತ್ತಿದ್ದ ಹುಡುಗನಿಗೆ ಫೋರ್ಸು, ಆಕ್ಸಿಲರೇಷನ್ ಅಂದರೆ ಅದೇ ಅಂತ ಹೇಳುವವರಿಲ್ಲ. ಅವನು ದಡ್ಡನಾಗಿ ಹೊರಬಿದ್ದು ಪೀಣ್ಯದಲ್ಲಿ ಹೆಲ್ಪರ್ ಆಗುತ್ತಾನೆ. ರಾಜಾಜಿನಗರದಲ್ಲಿ 1972ರಿಂದ ಜಿಟಿಟಿಸಿ ಇದೆ, ಎಸ್‌ಎಸ್‌ಎಲ್‌ಸಿ ಆದವರಿಗೆ ಟೂಲ್ ಅಂಡ್ ಡೈ ಡಿಪ್ಲೊಮಾ ಕಲಿಸುತ್ತಾರೆ. ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ನೇರ ಸೇರಬಹುದು. ಇದನ್ನು ಅವನ ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಹೇಳುವ ಒಂದು ಕರಪತ್ರವನ್ನು ಅಚ್ಚು ಹಾಕಿಸಲು ಇಂದಿನವರೆಗೆ ಯಾರೂ ನನ್ನ ಬಳಿ ಬಂದಿಲ್ಲ. ಫ್ಲೆಕ್ಸಿಗೆ ಮಾತ್ರ ಕ್ಯೂ.

ಇಂಜಿನಿಯರಿಂಗ್ ಓದುತ್ತಿರುವ, ಮಾನ್ಯತಾ, ವೈಟ್‌ಫೀಲ್ಡ್ ಕಡೆ ಕೆಲಸ ಮಾಡುವ ತಮ್ಮಂದಿರೇ, ತಂಗಿಯರೇ, ಈ ಕೆಲಸ ನಿಮ್ಮದು. ಶಾಲೆಗೆ ಶಿಬಿರ ಬಂದರೆ ಹೋಗಿ ಕೇಳಿ: ಪಾಠದ ಹಾಳೆ ಕನ್ನಡದಲ್ಲಿದೆಯೇ? ಇಲ್ಲವೆಂದರೆ ನೀವೇ ಬರೆಯಿರಿ. ಎ4 ಹಾಳೆಯ ಎರಡು ಮಗ್ಗುಲು ಸಾಕು. ಒಂದು ಕಡೆ ಪ್ರಯೋಗ, ಚಿತ್ರ. ಇನ್ನೊಂದು ಕಡೆ ಕನ್ನಡ ಪದ, ಪಕ್ಕದಲ್ಲೇ ಪಿಯುಸಿಯಲ್ಲಿ ಸಿಗುವ ಇಂಗ್ಲಿಷ್ ಪದ, ಕೆಳಗೆ ಎಸ್‌ಎಸ್‌ಎಲ್‌ಸಿ ನಂತರದ ದಾರಿಗಳು. ಯೂನಿಕೋಡಿನಲ್ಲೋ ನುಡಿಯಲ್ಲೋ ಟೈಪ್ ಮಾಡಿ ಪೆನ್‌ಡ್ರೈವಿನಲ್ಲಿ ತನ್ನಿ, ಕಾಗುಣಿತ ನಾನು ನೋಡಿಕೊಳ್ಳುತ್ತೇನೆ. ಮೊದಲ ಸಾವಿರ ಪ್ರತಿಗೆ ಕಾಗದ ನನ್ನದು, ಪ್ಲೇಟು ನನ್ನದು. ಭಾನುವಾರ ಮೆಷಿನ್ ಖಾಲಿ ಇರುತ್ತದೆ.