ಅಗ್ಗದ ಪ್ರಿಂಟರ್, ದುಬಾರಿ ಶಾಯಿ

ಕಾಪುವಿನ ಸಹೋದರಿಯೊಬ್ಬರು ಕಳೆದ ತಿಂಗಳು ಪತ್ರ ಬರೆದಿದ್ದರು. ಪತಿ ಗಲ್ಫ್‌ನ ಕೆಲಸ ಬಿಟ್ಟು ಊರಿಗೆ ಮರಳಿದ್ದಾರೆ. ಮನೆಯಲ್ಲೇ ಕುಳಿತು ನಾಲ್ಕು ಕಾಸು ಸಂಪಾದಿಸುವ ದಾರಿಯನ್ನು ಇವರು ಹುಡುಕುತ್ತಿದ್ದಾರೆ. ಹತ್ತಿರವೇ ಶಾಲೆ. ಪ್ರಾಜೆಕ್ಟ್‌ಗೆ ಬಣ್ಣದ ಚಿತ್ರ ಬೇಕೆಂದು ಮಕ್ಕಳು ಪೇಟೆಗೆ ಓಡುತ್ತಾರೆ. "ಚೀಟಿಯ ಹದಿನೈದು ಸಾವಿರ ಕೈಗೆ ಬಂದಿದೆ ಟೀಚರ್. ನಾಲ್ಕು ಸಾವಿರಕ್ಕೇ ಕಲರ್ ಪ್ರಿಂಟರ್ ಸಿಗುತ್ತದಂತೆ. ತೆಗೆದುಕೊಳ್ಳಲೇ?" ಎಂದು ಕೇಳಿದ್ದಾರೆ.

ಸಹೋದರಿ, ತಡೆಯಿರಿ. ಕಾರ್ಕಳದಲ್ಲಿ ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಎರಡು ವರ್ಷದ ಹಿಂದೆ ಇದೇ ಲೆಕ್ಕ ಹಾಕಿದ್ದಳು. ಅಗ್ಗದ ಪ್ರಿಂಟರ್ ತಂದು, ನೆರೆಹೊರೆಯ ಮಕ್ಕಳಲ್ಲವೇ ಎಂದು ಪುಟಕ್ಕೆ ಐದು ರೂಪಾಯಿ ಇಟ್ಟಳು. ಮಕ್ಕಳು ಸಾಲುಗಟ್ಟಿದರು. ಅವಳಿಗೂ ಖುಷಿ. ಬಣ್ಣದ ಕಾರ್ಟ್ರಿಜ್ ಮುಗಿದಾಗ ಹೊಸದಕ್ಕೆ ಒಂಬೈನೂರು ರೂಪಾಯಿ ಕೊಟ್ಟಳು. ಅದರಲ್ಲಿ ಬಂದದ್ದು ಎಪ್ಪತ್ತು ಪುಟ. ಭಾಗಿಸಿ ನೋಡಿ, ಶಾಯಿಗೇ ಪುಟಕ್ಕೆ ಹದಿಮೂರು ರೂಪಾಯಿ ಹತ್ತಿರ ಬೀಳುತ್ತದೆ. ಐದು ರೂಪಾಯಿಗೆ ಮಾರಿದ ಒಂದೊಂದು ಪುಟಕ್ಕೂ ಅವಳು ಎಂಟು ರೂಪಾಯಿ ಕೈಯಿಂದ ಹಾಕುತ್ತಿದ್ದಳು! ಇದು ಗೊತ್ತಾಗುವಷ್ಟರಲ್ಲಿ ಹೊಲಿಗೆಯ ದುಡ್ಡೂ ಶಾಯಿಗೆ ಹೋಗಿತ್ತು. ಆ ಪ್ರಿಂಟರ್ ಈಗ ಅಟ್ಟದಲ್ಲಿದೆ.

ಡಬ್ಬದ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು ಪುಟ ಬರುತ್ತದೆಂದು ಬರೆದಿತ್ತಲ್ಲ ಎಂದು ಅವಳು ಕೇಳಿದ್ದಳು. ಬರೆದದ್ದು ಸುಳ್ಳಲ್ಲ. ಅಂತಾರಾಷ್ಟ್ರೀಯ ಮಾನದಂಡ ಸಂಸ್ಥೆ ಬಣ್ಣದ ಮುದ್ರಣಕ್ಕೆಂದು ಐದು ಮಾದರಿ ಪುಟಗಳನ್ನು ಗೊತ್ತುಮಾಡಿದೆ. ಕಂಪೆನಿಗಳು ಅವನ್ನೇ ಬಿಡದೆ ಮುದ್ರಿಸಿ ಎಣಿಸುತ್ತವೆ. ಆ ಪುಟಗಳಲ್ಲಿ ಬಿಳಿ ಜಾಗವೇ ಹೆಚ್ಚು. ನಮ್ಮ ಮಕ್ಕಳಿಗೆ ಬೇಕಾದದ್ದು ಪುಟ ತುಂಬ ಹಸಿರು ಕಾಡು, ನೀಲಿ ಸಮುದ್ರ! ಇನ್ನೊಂದು ಮಾತು. ಇಂಥ ಅನೇಕ ಕಾರ್ಟ್ರಿಜ್‌ಗಳಲ್ಲಿ ಹಳದಿ, ಕೆಂಪು, ನೀಲಿ ಮೂರೂ ಒಂದೇ ಡಬ್ಬದೊಳಗೆ. ನೀಲಿ ಮುಗಿದರೆ ಉಳಿದೆರಡು ಬಣ್ಣ ಇದ್ದೂ ಇಲ್ಲದಂತೆ. ಯಂತ್ರವನ್ನು ಅಗ್ಗವಾಗಿ ಕೊಟ್ಟು ಲಾಭವನ್ನು ಶಾಯಿಯಲ್ಲಿ ತೆಗೆಯುವ ವ್ಯಾಪಾರ ಇದು.

ಈ ವ್ಯಾಪಾರಕ್ಕೆ ಬೇಸತ್ತವರು ಹೊರಗೆ ಬಾಟಲಿ ಇಟ್ಟು ಕೊಳವೆ ಎಳೆದು ಶಾಯಿ ಹರಿಸತೊಡಗಿದರು. ನಮ್ಮಲ್ಲೂ ಅದನ್ನು ಕಂಡವರಿದ್ದಾರೆ. ಕೊನೆಗೆ 2010ರಲ್ಲಿ ಎಪ್ಸನ್ ಕಂಪೆನಿ ತಾನೇ ಟ್ಯಾಂಕ್ ಇರುವ ಪ್ರಿಂಟರನ್ನು ಇಂಡೋನೇಷ್ಯಾದಲ್ಲಿ ಮಾರಾಟಕ್ಕೆ ತಂದಿತು. ಆಮೇಲೆ ಕ್ಯಾನನ್, ಎಚ್‌ಪಿ, ಬ್ರದರ್ ಕಂಪೆನಿಗಳೂ ಅದೇ ದಾರಿ ಹಿಡಿದವು. ಯಂತ್ರಕ್ಕೆ ಹನ್ನೆರಡು ಸಾವಿರದ ಆಸುಪಾಸು ಕೊಡಬೇಕು, ಆದರೆ ಶಾಯಿ ಬಾಟಲಿಯಲ್ಲಿ ಬರುತ್ತದೆ. ಎಪ್ಸನ್‌ನ ಎಲ್3110 ಮಾದರಿಗೆ ಕಂಪೆನಿ ಹೇಳುವ ಲೆಕ್ಕ ಹೀಗಿದೆ: ಕಪ್ಪು ಬಾಟಲಿಯೊಂದಕ್ಕೆ 4,500 ಪುಟ, ಮೂರು ಬಣ್ಣದ ಬಾಟಲಿಗಳಿಗೆ ಸೇರಿ 7,500 ಪುಟ. ಬಾಟಲಿಗೆ ನಾನ್ನೂರು ರೂಪಾಯಿ ಎಂದಿಟ್ಟುಕೊಂಡರೂ ಪುಟಕ್ಕೆ ಇಪ್ಪತ್ತೈದು ಪೈಸೆ. ಕಂಪೆನಿಯ ಲೆಕ್ಕವನ್ನು ಪೂರ್ತಿ ನಂಬಬೇಡಿ. ಚಿತ್ರ ತುಂಬಿದ ಪುಟಕ್ಕೆ ಅದರ ನಾಲ್ಕು ಪಟ್ಟು, ಒಂದು ರೂಪಾಯಿ ಹಿಡಿಯಿರಿ. ಆಗಲೂ ಹದಿಮೂರೆಲ್ಲಿ, ಒಂದೆಲ್ಲಿ?

ಯಂತ್ರಕ್ಕೆ ಹೆಚ್ಚು ಕೊಟ್ಟ ಎಂಟು ಸಾವಿರ ಏಳುನೂರು ಪುಟದೊಳಗೆ ಮರಳಿ ಬರುತ್ತದೆ. ದಿನಕ್ಕೆ ಹತ್ತು ಪುಟ ಹೋದರೆ ಎಪ್ಪತ್ತು ದಿನ ಸಾಕು.

ಆದರೆ ಈ ಲೆಕ್ಕ ನೋಡಿ ಎಲ್ಲರೂ ಅಂಗಡಿಗೆ ಹೊರಡಬೇಡಿ! ಮನೆಯಲ್ಲಿ ತಿಂಗಳಿಗೆ ಹತ್ತು ಪುಟ ಮಾತ್ರ ಬೇಕಾಗುವವರಿಗೆ ಆ ಏಳುನೂರು ಪುಟ ಮುಗಿಯಲು ಆರು ವರ್ಷ ಹಿಡಿಯುತ್ತದೆ. ಅಂಥವರಿಗೆ ಅಂಗಡಿಯೇ ಲೇಸು. ಮಣಿಪಾಲದ ಟೈಗರ್ ಸರ್ಕಲ್ ಸುತ್ತಮುತ್ತ ವಿದ್ಯಾರ್ಥಿಗಳನ್ನೇ ನಂಬಿದ ಝೆರಾಕ್ಸ್ ಅಂಗಡಿಗಳಿವೆ. ಅದು ಮುದ್ರಣದ ಊರೇ. 1970ರಲ್ಲಿ 'ಉದಯವಾಣಿ' ಹುಟ್ಟಿದ್ದು ಅಲ್ಲಿ, ಬ್ಯಾಂಕುಗಳ ಚೆಕ್ ಪುಸ್ತಕಗಳನ್ನು ಮುದ್ರಿಸುವ ಸಂಸ್ಥೆಯೂ ಅಲ್ಲೇ. ಉಡುಪಿಯಲ್ಲೂ ಇಂಥ ಅಂಗಡಿಗಳಿಗೆ ಬರವಿಲ್ಲ. ಪುಟಕ್ಕೆ ಹತ್ತು ರೂಪಾಯಿ ಕೊಟ್ಟರೂ ವರ್ಷಕ್ಕೆ ಸಾವಿರದ ಇನ್ನೂರು ಮಾತ್ರ. ಯಂತ್ರ ಸಾಕುವ ತಲೆನೋವೂ ಇಲ್ಲ.

ಹೌದು, ಸಾಕಬೇಕು. ಟ್ಯಾಂಕ್ ಪ್ರಿಂಟರನ್ನು ವಾರಗಟ್ಟಲೆ ಸುಮ್ಮನಿಟ್ಟರೆ ಕೂದಲಿಗಿಂತ ಸಣ್ಣ ರಂಧ್ರಗಳಲ್ಲಿ ಶಾಯಿ ಒಣಗಿ ಗೆರೆ ಬೀಳುತ್ತದೆ. ಕ್ಲೀನಿಂಗ್ ಮಾಡಿದಷ್ಟೂ ಒಳ್ಳೆಯ ಶಾಯಿ ತಳದ ಸ್ಪಂಜಿಗೆ ಹೋಗುತ್ತದೆ. ಸ್ಪಂಜು ತುಂಬಿದರೆ ಯಂತ್ರವೇ ನಿಲ್ಲುತ್ತದೆ. ಹೆಡ್ ಪೂರ್ತಿ ಕಟ್ಟಿಕೊಂಡರೆ ರಿಪೇರಿ ಖರ್ಚು ಎದೆ ಒಡೆಯುವಂಥದ್ದು. ವಾರಕ್ಕೊಮ್ಮೆ ನಾಲ್ಕೂ ಬಣ್ಣ ಬರುವ ಒಂದು ಪುಟ ತೆಗೆದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ರಜೆಯಲ್ಲಿ ತವರಿಗೆ ಹೋಗುವಾಗ ಆ ಕೆಲಸವನ್ನು ಯಾರಿಗಾದರೂ ಒಪ್ಪಿಸಿ ಹೋಗಿ.

ಮತ್ತೆ ನಮ್ಮ ಕರಾವಳಿಯ ಮಳೆ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದಿಟ್ಟ ಕಾಗದ ಹಪ್ಪಳದಂತೆ ಮೆತ್ತಗಾಗುತ್ತದೆ. ಎರಡೆರಡು ಹಾಳೆ ಅಂಟಿಕೊಂಡು ಒಳಗೆ ಸಿಕ್ಕಿಹಾಕಿಕೊಳ್ಳುತ್ತವೆ. ಬೇಕಾದಷ್ಟನ್ನೇ ಹೊರತೆಗೆದು ಉಳಿದದ್ದನ್ನು ಗಾಳಿಯಾಡದ ಡಬ್ಬದಲ್ಲಿಡಿ. ಉಪ್ಪಿನಕಾಯಿ ಬಾಟಲಿಗೆ ಲೇಬಲ್ ಮಾಡುವ ಯೋಚನೆಯಿದ್ದವರು ಒಂದು ತುಂಡನ್ನು ಮೊದಲು ನೀರಲ್ಲಿ ಅದ್ದಿ ನೋಡಿ. ಈ ಪ್ರಿಂಟರುಗಳ ಬಣ್ಣ ಹೆಚ್ಚಾಗಿ ನೀರು ತಾಗಿದರೆ ಹರಡುತ್ತದೆ.

ಕಪ್ಪು ಬಿಳುಪು ಮಾತ್ರ ಸಾಕೆನ್ನುವವರಿಗೆ ಲೇಸರ್ ಒಳ್ಳೆಯದು. ಮದ್ರಸದ ಪ್ರಶ್ನೆಪತ್ರಿಕೆಗಳನ್ನು ನಾನು ಅದರಲ್ಲೇ ತೆಗೆಯುತ್ತೇನೆ. ಅದರದ್ದು ಪುಡಿ, ರಜೆಯಲ್ಲಿ ಒಣಗುವ ಭಯವಿಲ್ಲ. ಬಣ್ಣದ ಲೇಸರ್ ಮಾತ್ರ ನಮ್ಮಂಥವರಿಗಲ್ಲ, ನಾಲ್ಕು ಟೋನರ್ ಬದಲಿಸುವ ಖರ್ಚಿನಲ್ಲಿ ಮಗುವಿಗೆ ಕಿವಿಯೋಲೆ ಬಂದೀತು.

ಆದ್ದರಿಂದ ಕಾಪುವಿನ ಸಹೋದರಿ, ನಾಲ್ಕು ಸಾವಿರದ್ದನ್ನು ಬಿಡಿ. ಟ್ಯಾಂಕ್ ಇರುವುದನ್ನೇ ನೋಡಿ. ಕೈಯಲ್ಲಿ ಹಣವಿರುವಾಗ ಕಂತು, ಬಡ್ಡಿ ಎಂದು ಅಂಗಡಿಯಾತ ಹೇಳುವುದಕ್ಕೆ ಕಿವಿಗೊಡಬೇಡಿ. ಉಳಿದ ಮೂರು ಸಾವಿರವನ್ನು ಕಾಗದಕ್ಕೂ ರಿಪೇರಿಗೂ ಇಟ್ಟುಕೊಳ್ಳಿ. ಕೊಳ್ಳುವ ಮೊದಲು ಆ ಶಾಲೆಯ ನಾಲ್ಕಾರು ತಾಯಂದಿರ ಬಳಿ ತಿಂಗಳಿಗೆ ಎಷ್ಟು ಪುಟ ಬೇಕಾಗುತ್ತದೆ ಎಂದು ವಿಚಾರಿಸಿ. ಪುಟಕ್ಕೆ ಹತ್ತು ರೂಪಾಯಿ ಕೇಳಲು ನಾಚಬೇಡಿ. ಹಾಳಾದ ಹಾಳೆಗಳನ್ನೂ ಸೇರಿಸಿ ದಿನದ ಲೆಕ್ಕವನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಮೂರು ತಿಂಗಳಾದ ಮೇಲೆ ಆ ಲೆಕ್ಕವನ್ನು ನನಗೆ ಕಳುಹಿಸಿ. ಕಾರ್ಕಳದವಳಿಗೂ ತೋರಿಸಬೇಕಾಗಿದೆ, ಅವಳು ಮತ್ತೆ ಶುರು ಮಾಡುವ ಮಾತಾಡುತ್ತಿದ್ದಾಳೆ.