ಎರಡೆಕರೆಯವನಿಗೆ ನವಣೆ ಕಟ್ಟೀತೇ?

ದಾವಣಗೆರೆ, ಹಾವೇರಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಈಗ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ಅದನ್ನು ಬಿಟ್ಟು ಸಣ್ಣ ರೈತ ನವಣೆ, ಸಾಮೆ ಬಿತ್ತಬೇಕೇ?

ಪರ

ಸೂಲಂಗಿ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಮೆಕ್ಕೆಜೋಳದ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಅಷ್ಟರಲ್ಲಿ ಹೈಬ್ರಿಡ್ ಬೀಜ, ಡಿಎಪಿ, ಯೂರಿಯಾದ ಸಾಲ ಮಾತ್ರ ಹುಲುಸಾಗಿ ಬೆಳೆದಿರುತ್ತದೆ. 2018ರಿಂದ ಫಾಲ್ ಸೈನಿಕ ಹುಳುವಿನ ಔಷಧಿ ಖರ್ಚೂ ಸೇರಿತು; ದೇಶದಲ್ಲಿ ಆ ಹುಳು ಮೊದಲು ಕಾಣಿಸಿದ್ದೇ ನಮ್ಮ ಶಿವಮೊಗ್ಗದಲ್ಲಿ. ನವಣೆ ಮೂರು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ, ಮುಂಗಾರು ತಡವಾದರೂ ಬಿತ್ತಬಹುದು, ಬೀಜ ಮನೆಯದೇ. ನಡುನಡುವೆ ತೊಗರಿಯ ಅಕ್ಕಡಿ ಸಾಲು ಬಿಟ್ಟರೆ ನವಣೆ ಕೊಯ್ದ ಮೇಲೂ ಹೊಲ ಬರಿದಾಗದು. ತೊಗರಿ ಉದುರಿಸಿದ ಎಲೆ ಮಣ್ಣಿಗೇ ಸೇರುತ್ತದೆ. ಮೆಕ್ಕೆಜೋಳ ಕೋಳಿ ಫಾರಂಗೆ, ಎಥನಾಲ್‌ಗೆ ಹೋಗುವ ಮಾಲು. ಬೆಲೆ ಬಿದ್ದ ವರ್ಷ ಅದನ್ನು ಮನೆಯಲ್ಲಿ ಉಣ್ಣುವವರು ಯಾರು? ನವಣೆಯಾದರೆ ಅನ್ನವಾದರೂ ಆದೀತು.

ವಿರೋಧ

ಅನ್ನ ಆಗುವ ಮೊದಲು ಸಿಪ್ಪೆ ಬಿಡಿಸಬೇಕಲ್ಲ! ರಾಗಿಯನ್ನು ಹಸನು ಮಾಡಿ ನೇರ ಗಿರಣಿಗೆ ಒಯ್ಯಬಹುದು. ನವಣೆ, ಸಾಮೆಗೆ ಹೊಟ್ಟಿನ ಕವಚ. ಹಾರಕದ್ದಂತೂ ಪದರ ಪದರ. ಹಿಂದೆ ಒನಕೆ ಹಿಡಿದು ಅದನ್ನು ಬಿಡಿಸುತ್ತಿದ್ದವರು ಮನೆಯ ಹೆಂಗಸರು. ನವಣೆ ಅನ್ನದ ರುಚಿ ಹೊಗಳುವ ಗಂಡಸರಿಗೆ ಇದು ನೆನಪಾಗುವುದು ಕಡಿಮೆ. ಇಂದು ಊರಿನ ಹಿಟ್ಟಿನ ಗಿರಣಿಯಲ್ಲಿ ಸಿಪ್ಪೆ ಬಿಡಿಸುವ ಯಂತ್ರವಿಲ್ಲ. ಹಾಗಾಗಿ ರೈತ ಹೊಟ್ಟಿನ ಸಮೇತ ಕಾಳನ್ನು ವ್ಯಾಪಾರಿಗೆ ಹಾಕುತ್ತಾನೆ; ಬೆಂಗಳೂರಿನ ಅಂಗಡಿಯ ಪೊಟ್ಟಣದ ಮೇಲಿನ ಬೆಲೆಗೂ ಅವನಿಗೂ ಸಂಬಂಧವಿಲ್ಲ.

ಇಳುವರಿಯೋ, ಎಕರೆಗೆ ಮೆಕ್ಕೆಜೋಳದ ಅರ್ಧವೂ ಬಾರದು. ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ ಇವೆ. ನವಣೆ, ಸಾಮೆ ಇಲ್ಲ. ಮೆಕ್ಕೆಜೋಳಕ್ಕೆ ಆ ಬೆಲೆ ಯಾವಾಗಲೂ ಸಿಗುತ್ತದೆಂದಲ್ಲ. ಆದರೆ ರಸ್ತೆಗಿಳಿದು ಕೇಳಲು ಒಂದು ಅಂಕಿಯಾದರೂ ಇದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದಿತು, ಮೇಳಗಳಾದವು. ರಾಜ್ಯದ ರೈತಸಿರಿ ಯೋಜನೆ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟಿದ್ದು ಬಿತ್ತುವವನಿಗೆ. ಬೆಳೆದದ್ದನ್ನು ಮಾರುವಾಗ ಅವನು ಒಂಟಿ. ಮನೆಯೂಟಕ್ಕೆಂದು ಅರ್ಧ ಎಕರೆ ಬಿತ್ತಲಿ, ಬೇಡವೆನ್ನುವುದಿಲ್ಲ. ಉಳಿದ ಒಂದೂವರೆ ಎಕರೆ ಕೇಳುವವರು ಹೋಬಳಿಗೊಂದು ಸಿಪ್ಪೆ ಬಿಡಿಸುವ ಯಂತ್ರ, ಜೊತೆಗೆ ಖರೀದಿ ಕೇಂದ್ರ ತಂದುಕೊಂಡೇ ಬರಲಿ.